ನಮ್ಮ ಭಾವನ ಡಬ್ಬಿ ಆಟ

ನಮ್ಮ ಭಾವ ಹುಟ್ಟಿದಾಗಿನಿಂದ ಒಂದು ದಿನವೂ ನಡೆದವರಲ್ಲ. ಹಾಗಂತ ಅವರಿಗೆ ಕಾಲಿಲ್ಲ ಅಂದ್ಕೋಬೇಡಿ. ಎರಡೂ ಇವೆ, ನನ್ನ ಕಾಲಿಗಿಂತ ಗಟ್ಟಿಯಾಗಿವೆ. ಆದರೆ ಅವರು ನಡೆಯೋದಿಲ್ಲ, ಅಳೀತಾರೆ. ನೀವು ನಾವು ಹಾಲಿನ ಡೇರಿಗೆ ಹೋಗಿ ಬಂದರೆ "ಡೇರಿಗೆ ಹೋಗಿದ್ದೆ" ಅಂತೀವಿ. ಅವರು "ಒಂಬತ್ತು ಸರಪಳಿ ನಾಕಾಣೆ" ಅಂತಾರೆ.

ಭಾವ ಸರ್ವೆ ಇಲಾಖೆಯಲ್ಲಿ ಸರಪಳಿ ಹಿಡಿದವರು. ಜಮೀನು ಅಳೆಯೋ ಸಾಹೇಬರು ನೆರಳಲ್ಲಿ ನಿಂತು ಬರ್ಕೊಳ್ತಿದ್ದರೆ, ಮುಳ್ಳು ಬೇಲಿ, ಕೆಸರುಗದ್ದೆ, ಹಾವಿನ ಹುತ್ತ ಅನ್ನದೆ ಕಬ್ಬಿಣದ ಸರಪಳಿ ಎಳ್ಕೊಂಡು ಹೋಗಿ ಗಡಿಯ ಬಾಂದುಕಲ್ಲು ಹುಡುಕೋ ಕೆಲಸ ಇವರದು. ಒಂದು ಸರಪಳಿಗೆ ಮೂವತ್ತಮೂರು ಅಡಿ. ರೂಪಾಯಿಗೆ ಇದ್ದಂಗೆ ಅದಕ್ಕೂ ಹದಿನಾರು ಆಣೆ. ರಿಟೈರ್ ಆದ ದಿನ ಸರಪಳಿಯನ್ನು ಆಫೀಸಿಗೆ ಒಪ್ಪಿಸಿ ಬಂದರು, ಅಳತೆಯನ್ನು ಮಾತ್ರ ಕಾಲಲ್ಲೇ ಇಟ್ಕೊಂಡು ಬಂದರು. ಅವರ ಹದಿಮೂರು ಹೆಜ್ಜೆ ಅಂದ್ರೆ ಒಂದು ಸರಪಳಿ. ನಾನೊಮ್ಮೆ ಟೇಪ್ ಹಿಡಿದು ನೋಡಿದೆ. ನಾಲ್ಕು ಬೆರಳು ವ್ಯತ್ಯಾಸ ಬಂತು. ಭಾವ ಟೇಪನ್ನು ತಿರುಗಿಸಿ ಮುರುಗಿಸಿ ನೋಡಿ, "ಬಿಸಿಲಿಗೆ ಹಿಗ್ಗೈತೆ, ಬ್ಯಾರೆ ತಗೊ" ಅಂದರು.

ಇವರ ಮದುವೆಯಲ್ಲಿ ಸಪ್ತಪದಿ ತುಳಿದ ಮೇಲೆ ಪುರೋಹಿತರ ಕಿವಿಗೆ ಬಗ್ಗಿ, "ಸ್ವಾಮಿ, ಅರ್ಧ ಸರಪಳಿಗೆ ಆರೂವರೆ ಹೆಜ್ಜೆ ಸಾಕಾಗಿತ್ತು, ಅರ್ಧ ಹೆಜ್ಜೆ ಜಾಸ್ತಿ ಆಯ್ತಲ್ಲ" ಅಂದಿದ್ದರಂತೆ. ಪುರೋಹಿತರು "ಇರಲಿ ಬಿಡಪ್ಪಾ, ಕೊಸರು" ಅಂದರಂತೆ. ನಮ್ಮಕ್ಕ ಇವತ್ತಿಗೂ ಸಿಟ್ಟು ಬಂದಾಗ "ಆ ಅರ್ಧ ಹೆಜ್ಜೆ ವಾಪಸ್ ತಗೊಂಡ್ಬುಡಿ, ನಂಗೇನೂ ಬ್ಯಾಡ" ಅಂತಾಳೆ.

ನನ್ನ ವಿಷಯ ಎರಡು ಮಾತು ಹೇಳ್ಬಿಡ್ತೀನಿ, ಇಲ್ಲದಿದ್ದರೆ ಇವನ್ಯಾರು ಬರೆಯೋಕೆ ಅಂತೀರಿ. ಹೊಳೆನರಸೀಪುರದಲ್ಲಿ ನಂದು ಮೋಟಾರ್ ವೈಂಡಿಂಗ್ ಅಂಗಡಿ. ಏಳನೇ ಕ್ಲಾಸಿನ ಮಧ್ಯದಲ್ಲೇ ಸ್ಕೂಲು ಬಿಟ್ಟೆ. ಆದರೆ ಸುಟ್ಟ ಮೋಟಾರಿನ ವಾಸನೆ ನೋಡಿ ಯಾವ ಕಾಯಿಲ್ ಹೋಗಿದೆ ಅಂತ ಹೇಳಬಲ್ಲೆ. ಡಿಗ್ರಿ ಮಾಡಿದೋರು ಬಂದು ನನ್ನ ಮುಂದೆ ಕೈಕಟ್ಟಿ ನಿಲ್ತಾರೆ, ಅವರ ಪಂಪು ನಿಂತಿರುತ್ತಲ್ಲ. ಬರವಣಿಗೆ ಒಂದೇ ನನ್ನ ಬಲಹೀನತೆ. ನನ್ನ ಅಕ್ಷರ ನಾನೇ ಮಾರನೇ ದಿನ ಓದಲಾರೆ. ಆದ್ದರಿಂದ ಬಿಲ್ಲನ್ನು ಗಿರಾಕಿಗಳ ಕೈಲೇ ಬರೆಸ್ತೀನಿ. ಇಷ್ಟುದ್ದ ಬರೆಯೋಕೆ ಕೂತಿದ್ದೀನಿ ಅಂದ್ರೆ ಕಾರಣ ಎಷ್ಟು ದೊಡ್ಡದಿರಬೇಕು ನೀವೇ ಲೆಕ್ಕ ಹಾಕಿ.

ಕಾರಣ, ನಮ್ಮಕ್ಕನ ಕಾಲು.

ಅಕ್ಕನಿಗೆ ಸಕ್ಕರೆ ಕಾಯಿಲೆ ಬಂದು ವರ್ಷಗಳಾದವು. ಹೋದ ವರ್ಷ ಕಾಲು ಜೋಮು ಹಿಡಿಯೋಕೆ ಶುರುವಾಯಿತು. ಐದು ಸರಪಳಿ ನಡೆದರೆ ಮೀನಖಂಡ ಹಿಂಡಿದ ಹಾಗೆ ಆಗಿ ಅಲ್ಲೇ ಕೂತುಬಿಡೋಳು. ಹಾಸನದ ಡಾಕ್ಟರಿಗೆ ತೋರಿಸಿದೆವು. ಅವರು ಕಾಲಿಗೆ ಪಟ್ಟಿ ಸುತ್ತಿ, ಮಿಷನ್ ಹಿಡಿದು, ಕೊನೆಗೆ ನಮ್ಮ ಕಡೆ ತಿರುಗಿ ಹೇಳಿದರು: "ರಕ್ತದ ದಾರಿ ಸಣ್ಣದಾಗಿದೆ. ಮಾತ್ರೆ ಕೊಡ್ತೀನಿ. ಆದರೆ ನಿಜವಾದ ಔಷಧಿ ನಡಿಗೆ. ನೋವು ಬರೋವರೆಗೆ ನಡೀರಿ, ಕೂತ್ಕೊಳ್ಳಿ, ನೋವು ಹೋದ ಮೇಲೆ ಮತ್ತೆ ನಡೀರಿ. ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡಿ. ಆರು ತಿಂಗಳು ಬಿಟ್ಟು ನೋಡ್ತೀನಿ. ಸುಧಾರಿಸದಿದ್ದರೆ ಆಪರೇಷನ್ನು. ಅದೂ ತಡ ಆದರೆ ಬೆರಳಿನಿಂದ ಶುರು ಮಾಡಬೇಕಾಗುತ್ತೆ."

ಏನು ಶುರು ಮಾಡಬೇಕಾಗುತ್ತೆ ಅಂತ ನಾವ್ಯಾರೂ ಕೇಳಲಿಲ್ಲ. ಗೊತ್ತಾಯ್ತು.

ಸರಿ, ನಡಿ ಅಕ್ಕ ಅಂದರೆ ನಡೀತಾಳಾ? ಅವಳ ವಾದ ಬೇರೆ. "ಕೆಲ್ಸ ಇಲ್ದೆ ಬರಿಗೈಲಿ ರಸ್ತೆ ಮೇಲೆ ಅಡ್ಡಾಡಕ್ಕೆ ನಾನೇನು ದಂಡಪಿಂಡ ಆಗಿದ್ದೀನೇನ್ಲಾ? ನೋಡ್ದೋರು ಏನಂದ್ಕಂಡಾರು?" ಯೋಚನೆ ಮಾಡಿದರೆ ಅವಳು ಹೇಳೋದೂ ನಿಜವೇ. ನೀರಿನ ಕೊಡ, ಹುಲ್ಲಿನ ಹೊರೆ, ಹೊಲಕ್ಕೆ ಬುತ್ತಿ, ಕಂಕುಳಲ್ಲಿ ಕೂಸು, ಹೀಗೆ ಏನಾದರೊಂದು ಇಲ್ಲದೆ ಅಕ್ಕ ಜನ್ಮದಲ್ಲಿ ಹತ್ತು ಹೆಜ್ಜೆ ಹಾಕಿದವಳಲ್ಲ. ಸುಮ್ಮನೆ ನಡೆಯೋದು ಅವಳ ಪ್ರಕಾರ ಕಳ್ಳರ ಕೆಲಸ. ನಾನು ಬೇಡಿದೆ, ಬೈದೆ, ಒಂದು ಜೊತೆ ಬೂಟು ತಂದುಕೊಟ್ಟೆ. ಒಂದು ಬೂಟಿನಲ್ಲಿ ಹುಣಿಸೆಹಣ್ಣು, ಇನ್ನೊಂದರಲ್ಲಿ ಬೆಳ್ಳುಳ್ಳಿ ಇಟ್ಟಳು.

ಈ ಹೊತ್ತಿನಲ್ಲಿ ಮನೆಯ ಗಂಡಸು ಏನು ಮಾಡಬೇಕು? ಹೆಂಡತಿ ಕೈ ಹಿಡಿದು ನಡೆಸಬೇಕು. ನಮ್ಮ ಭಾವ ಏನು ಮಾಡಿದರು? ಆಟ ಆಡೋಕೆ ಹೋದರು.

ಅಕ್ಕ ಭಾವ ಇರೋದು ಅರಕಲಗೂಡು ತಾಲ್ಲೂಕು, ಮಲ್ಲಿಪಟ್ಟಣದ ಕಡೆ, ಹೇಮಾವತಿ ಹಿನ್ನೀರಿನ ದಂಡೆಯ ಊರು. ಊರಿಗೆ ಅಂಟಿಕೊಂಡೇ ಅರಣ್ಯ ಇಲಾಖೆಯವರ ಟ್ರೀ ಪಾರ್ಕ್ ಇದೆ. ಹೊಂಗೆ, ನೇರಳೆ, ತೇಗ, ಬಿದಿರು ಮೆಳೆಗಳ ಮಧ್ಯೆ ಸುತ್ತಿ ಬಳಸಿ ನೀರಿನ ಅಂಚಿಗೆ ಹೋಗೋ ಕಾಲುದಾರಿ. ಒಂದು ಸಾಯಂಕಾಲ ಭಾವ ಅಲ್ಲಿ ಎಂದಿನಂತೆ ಅಳ್ಕೊಂಡು ಹೋಗ್ತಿದ್ದಾಗ ಬೆಂಗಳೂರು ಕಡೆಯ ಗಂಡ ಹೆಂಡತಿ ಒಂದು ನೇರಳೆ ಮರದ ಬುಡದಲ್ಲಿ ಮಂಡಿಯೂರಿ ತಡಕಾಡ್ತಿದ್ದರಂತೆ.

"ಏನವ್ವಾ, ಓಲೆ ಬಿತ್ತಾ?"

"ಏನಿಲ್ಲ ಅಂಕಲ್, ಸುಮ್ನೆ."

ಸುಮ್ಮನೆ ಯಾರಾದರೂ ಮರದ ಬುಡ ತಡಕ್ತಾರಾ? ನಿಧಿಗಳ್ಳರೇ ಇರಬೇಕು ಅಂತ ಭಾವ ಎದುರಿಗಿದ್ದ ಕಲ್ಲುಬೆಂಚಿನ ಮೇಲೆ ಕೂತರು. ಅವರು ಹೋಗಲಿ ಅಂತ ಇವರು, ಇವರು ಹೋಗಲಿ ಅಂತ ಅವರು. ಮುಕ್ಕಾಲು ಗಂಟೆ ಆದ ಮೇಲೆ ಆ ಹೆಣ್ಣುಮಗಳೇ ಸೋತು, ನಗು ಬಂದು ಎಲ್ಲ ಹೇಳಿದಳಂತೆ. ಇದೊಂದು ಆಟ. ಹೆಸರು ಜಿಯೋಕ್ಯಾಶಿಂಗ್. ಯಾರೋ ಒಬ್ಬರು ಒಂದು ಡಬ್ಬಿಯನ್ನು ಎಲ್ಲಾದರೂ ಬಚ್ಚಿಟ್ಟು ಜಾಗದ ಗುರುತನ್ನು ಫೋನಿಗೆ ಹಾಕಿರ್ತಾರೆ. ಮಿಕ್ಕವರು ಫೋನ್ ನೋಡ್ಕೊಂಡು ಹುಡುಕಬೇಕು. ಸಿಕ್ಕಿದರೆ ಒಳಗಿರೋ ಪುಟ್ಟ ಪುಸ್ತಕದಲ್ಲಿ ಹೆಸರು ಬರೆದು, ಅದರೊಳಗಿಂದ ಒಂದು ವಸ್ತು ತಗೊಂಡು, ತಮ್ಮದೊಂದು ವಸ್ತು ಇಟ್ಟು, ಯಾರಿಗೂ ಕಾಣದ ಹಾಗೆ ಡಬ್ಬಿಯನ್ನು ಇದ್ದಲ್ಲೇ ಇಡಬೇಕು. ನನ್ನ ನಾಲಿಗೆಗೆ ಆ ಇಂಗ್ಲಿಷ್ ಹೆಸರು ಹೊರಳಲ್ಲ. ನಾನು ಡಬ್ಬಿ ಆಟ ಅಂತೀನಿ.

"ನಿಮ್ ಫೋನು ಎಲ್ಲಿಂದ ಅಳೀತದೆ?" ಭಾವ ಕೇಳಿದರಂತೆ.

"ಉಪಗ್ರಹದಿಂದ ಅಂಕಲ್. ಆಕಾಶದಿಂದ."

"ಅಷ್ಟು ಮ್ಯಾಲಿಂದ ಅಳುದ್ರೆ ತಪ್ಪಾಗ್ದೆ ಇನ್ನೇನಾದದು," ಅಂತ ಎದ್ದು, ಎಂಟು ಹೆಜ್ಜೆ ಪಕ್ಕಕ್ಕೆ ಹೋಗಿ, ಇನ್ನೊಂದು ನೇರಳೆ ಮರದ ಪೊಟರೆಗೆ ಕೈ ಹಾಕಿ ಡಬ್ಬಿ ಎತ್ತಿ ಕೊಟ್ಟರಂತೆ. ಮೂವತ್ತು ವರ್ಷ ಹೂತುಹೋದ ಕಲ್ಲು ಹುಡುಕಿದ ಕಣ್ಣು ಅದು. ಆ ದಂಪತಿ ಖುಷಿಯಾಗಿ ಭಾವನ ಫೋನಿಗೂ ಆ ಆಟ ಹಾಕಿಕೊಟ್ಟು, ನಂಬರ್ ಕೊಟ್ಟು ಹೋದರು. ನಮ್ಮ ಮನೆ ಕೆಟ್ಟಿದ್ದು ಆವತ್ತು.

ಮಾರನೇ ದಿನವೇ ಭಾವ ಒಂದು ಎಡವಟ್ಟು ಮಾಡಿದರು. ಆ ಎಡವಟ್ಟನ್ನು ಈ ಭೂಮಿ ಮೇಲೆ ಇನ್ಯಾರೂ ಮಾಡೋಕೆ ಸಾಧ್ಯವಿಲ್ಲ. ಡಬ್ಬಿ ಇದ್ದ ಮರದ ಬುಡದಲ್ಲಿ ಗುಣಿ ತೋಡಿ, ಸುಣ್ಣ ಬಳಿದ ಬಾಂದುಕಲ್ಲು ನೆಟ್ಟು ಬಂದರು. ಅದರ ತಲೆ ಮೇಲೆ ಒಂದು ಬಾಣದ ಗುರುತು ಬೇರೆ, ಡಬ್ಬಿಯ ಕಡೆಗೆ.

ವಾರ ಕಳೆದ ಮೇಲೆ ಬೆಂಗಳೂರಿನ ಹೆಣ್ಣುಮಗಳು ಫೋನ್ ಮಾಡಿದಳು. "ಅಂಕಲ್, ಗುಟ್ಟಾಗಿರಬೇಕಾದ ಜಾಗಕ್ಕೆ ಕಲ್ಲು ನೆಟ್ರೆ ಹೇಗೆ?"

"ಜಾಗ ಸಿಕ್ಕಿದ ಮ್ಯಾಲೆ ಕಲ್ಲು ನೆಡ್ದೆ ಬರಕ್ಕಾಯ್ತದೇನವ್ವಾ? ನಾಳೆ ಯಾರಾದ್ರೂ ಒತ್ತುವರಿ ಮಾಡ್ಕಂಡ್ರೆ?"

"ಡಬ್ಬೀನ ಯಾರು ಒತ್ತುವರಿ ಮಾಡ್ತಾರೆ ಅಂಕಲ್?"

"ನಿಂಗೆ ಜನ ಗೊತ್ತಿಲ್ಲ."

ಜನ ಯಾರಿಗೆ ಗೊತ್ತಿರಲಿಲ್ಲ ಅನ್ನೋದು ಆಮೇಲೆ ಗೊತ್ತಾಯಿತು. ರಿಟೈರ್ ಆದ ಸರ್ವೆಯೋನು ಹಿನ್ನೀರಿನ ದಂಡೆಯಲ್ಲಿ ಹೆಜ್ಜೆ ಎಣಿಸ್ತಾವ್ನೆ, ಹೊಸ ಬಾಂದುಕಲ್ಲು ಬಿದ್ದೈತೆ ಅಂದ್ರೆ ಊರು ಸುಮ್ಮನಿರುತ್ತಾ? ಮುಳುಗಡೆ ಜಮೀನು ಮತ್ತೆ ಅಳೀತಾರಂತೆ ಅಂತ ಸುದ್ದಿ ಹಬ್ಬಿತು. ಮೂರು ಜನ ಯಜಮಾನರು ಹಳೇ ಪಹಣಿ ಕಟ್ಟು ಹಿಡ್ಕೊಂಡು ಜಗಲಿ ಮೇಲೆ ಬಂದು ಕೂತರು. ಭಾವ ಪ್ಲಾಸ್ಟಿಕ್ ಡಬ್ಬಿ ಆಟದ ವಿಷಯ ಬಿಡಿಸಿ ಬಿಡಿಸಿ ಹೇಳಿದರು. ಯಜಮಾನರು ಒಬ್ಬರ ಮುಖ ಒಬ್ಬರು ನೋಡ್ಕೊಂಡು ನಕ್ಕರು. ದೊಡ್ಡವರು ಗುಟ್ಟು ಬಿಡಲ್ಲ, ಅಷ್ಟು ಅರ್ಥ ಆಗಲ್ವಾ ಅವರಿಗೆ? ಹೋಗುವಾಗ ಒಬ್ಬರು ಜಗಲಿ ಕಂಬಕ್ಕೆ ಒಂದು ನಾಟಿ ಕೋಳಿ ಕಟ್ಟಿ ಹೋದರು. ಭಾವ ಅದನ್ನು ಬಗಲಲ್ಲಿ ಇಟ್ಕೊಂಡು ಹೋಗಿ ವಾಪಸ್ ಕೊಟ್ಟು, ಆವತ್ತು ಕತ್ತಲಾದ ಮೇಲೆ ಪಾರ್ಕಿಗೆ ಹೋಗಿ ತಾವು ನೆಟ್ಟ ಕಲ್ಲನ್ನು ತಾವೇ ಕಿತ್ತು ತಂದರು. ಸರ್ವಿಸ್‌ನಲ್ಲಿ ಒಂದು ಕಲ್ಲೂ ಕಿತ್ತವರಲ್ಲ ಅವರು. ಎರಡು ದಿನ ಊಟ ಸೇರಲಿಲ್ಲ.

ಇಷ್ಟಕ್ಕೆಲ್ಲ ನನಗೂ ನಗುವೇ ಬರ್ತಿತ್ತು, ಚನ್ನರಾಯಪಟ್ಟಣದ ಕಡೆ ಆ ಮದುವೆ ಆಗೋವರೆಗೆ.

ದಂಡಿಗನಹಳ್ಳಿ ಹತ್ತಿರ ನಮ್ಮ ನೆಂಟರ ಮದುವೆ. ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ, "ಇಲ್ಲೇ ಇರು, ಬಂದೆ" ಅಂತ ಹೋದ ಭಾವ ಪತ್ತೆ ಇಲ್ಲ. ಧಾರೆ ಆಯ್ತು. ಮೊದಲನೇ ಪಂಕ್ತಿ, ಎರಡನೇ ಪಂಕ್ತಿ ಎದ್ದಿತು. ಅಕ್ಕ ಊಟದ ಹಾಲ್‌ವರೆಗೂ ನಡೆಯಲಾರದೆ ಅಲ್ಲೇ ಕೂತಿದ್ದಳು, ಬಂದವರಿಗೆಲ್ಲ "ನಂದು ಆಯ್ತು, ನೀವು ಮಾಡಿ" ಅಂತ ಸುಳ್ಳು ಹೇಳಿಕೊಂಡು. ಕೊನೇ ಪಂಕ್ತಿಗೆ ಭಾವ ಬಂದರು. ಪಂಚೆ ತುಂಬ ಅಂಟುಪುರಲೆ ಮುಳ್ಳು, ಕಿವಿ ಮೇಲೆ ಜೇಡರ ಬಲೆ.

"ಕೆರೆ ಏರಿ ಹಿಂದುಗಡೆ ಒಂದೈತೆ ಅಂತ ಫೋನಲ್ಲಿ ತೋರಿಸ್ತು ಕಣ್ಲಾ ಬಾಮೈದ. ನಲವತ್ತು ಸರಪಳಿ. ಡಬ್ಬಿ ಬಚ್ಚಿಡೋ ಕೈ ನೋಡ್ಬೇಕಾಗಿತ್ತು, ಅದಕ್ಕೇ..."

ನನಗೆ ತಡೀಲಿಲ್ಲ. ಎಲೆ ಮುಂದೆ ಕೂತವರೆಲ್ಲ ತಿರುಗಿ ನೋಡೋ ಹಾಗೆ ಅಂದುಬಿಟ್ಟೆ. "ಭಾವ, ಅಲ್ಲಿ ಅಕ್ಕನ ಕಾಲು ಹೋಗ್ತಾ ಐತೆ. ಅವಳು ಹಸ್ಕೊಂಡು ಕೂತವಳೆ. ನೀವು ಡಬ್ಬಿ ಹುಡುಕ್ತಾ ಇದ್ದೀರಾ? ನಿಮಗೆ ಮನುಷ್ಯತ್ವ ಅನ್ನೋದು ಎಷ್ಟಾಣೆ ಐತೆ ಹೇಳಿ ನೋಡಾನ."

ಭಾವ ಒಂದು ಎಲೆಯಲ್ಲಿ ಊಟ ಹಾಕಿಸಿಕೊಂಡು, ಅದನ್ನು ಎರಡೂ ಕೈಯಲ್ಲಿ ಹಿಡ್ಕೊಂಡು ಅಕ್ಕನ ಕುರ್ಚಿ ಕಡೆ ಹೋದರು. ಹೋಗುವಾಗಲೂ ತುಟಿ ಅಲ್ಲಾಡ್ತಿತ್ತು. ಆಗಲೂ ಎಣಿಸ್ತಿದ್ದಾರಲ್ಲ ಈ ಮನುಷ್ಯ ಅಂತ ನನಗೆ ಮೈ ಉರಿದುಹೋಯಿತು.

ಆಮೇಲೆ ಒಂದು ತಿಂಗಳು ನಾನು ಅವರ ಊರ ಕಡೆ ತಲೆ ಹಾಕಲಿಲ್ಲ. ಅಭಿಮಾನ ನೋಡಿ. ದುಡಿದು ತಿನ್ನೋನಿಗೆ ಆಸ್ತಿ ಅಂತ ಇರೋದು ಅದೊಂದೇ.

ಒಂದು ಮಂಗಳವಾರ ಅಂಗಡಿಗೆ ರಜ ಇತ್ತು. ಮನಸ್ಸು ತಡೀದೆ ಹೋದೆ. ಹೋಗಿ ನೋಡಿದರೆ ಅಕ್ಕ ಕೈಯಲ್ಲಿ ಸ್ಟೀಲ್ ಡಬ್ಬಿ ಹಿಡ್ಕೊಂಡು ಪಾರ್ಕಿನ ಗೇಟಿನಿಂದ ಆಚೆ ಬರ್ತಿದ್ದಾಳೆ, ನಡ್ಕೊಂಡು!

ನಡೆದದ್ದು ಏನಂದ್ರೆ, ಭಾವ ಒಂದು ದಿನ "ಡಬ್ಬಿ ಒಳಗೆ ನಮ್ದೂ ಒಂದು ವಸ್ತು ಇಡ್ಬೇಕಂತೆ, ಏನಿಡಾನ?" ಅಂತ ಕೇಳಿದ್ದಾರೆ. ಅಕ್ಕ "ಪಾಪ, ಯಾರೋ ಎತ್ಲಾಗಿಂದಲೋ ನಡ್ಕಂಡು ಬಂದಿರ್ತಾರೆ. ಹೊಟ್ಟೆಗೆ ಏನಾದ್ರೂ ಇಡದ್ ಬುಟ್ಟು ಆಟದ್ ಸಾಮಾನು ಇಟ್ರೆ ತಿನ್ನಕ್ಕಾಯ್ತದಾ?" ಅಂತ ನಾಲ್ಕು ಚಕ್ಕುಲಿ ಕಟ್ಟಿಕೊಟ್ಟಿದ್ದಾಳೆ. ಮೂರನೇ ದಿನ ಭಾವ ಡಬ್ಬಿಯ ಪುಟ್ಟ ಪುಸ್ತಕವನ್ನೇ ತಂದು ತೋರಿಸಿದ್ದಾರೆ. ಅದರಲ್ಲಿ ಯಾರೋ ಬರೆದಿದ್ದಾರೆ: "ಚಕ್ಕುಲಿ ಭಾಳ ರುಚಿಯಾಗಿತ್ತು ತಾಯಿ. ಮಾಡಿದ ಕೈ ತಣ್ಣಗಿರಲಿ. ಇಂತಿ, ದಾರಿಹೋಕ."

ಇಲ್ಲಿ ಒಂದು ಸತ್ಯ ಹೇಳಲೇಬೇಕು. ನಮ್ಮಕ್ಕನ ಸಾರಿಗೆ ಸಾಟಿ ಇಲ್ಲ, ಮುದ್ದೆಗೂ ಇಲ್ಲ. ಚಕ್ಕುಲಿಗೂ ಇಲ್ಲ, ಆದರೆ ಅದು ಬೇರೆ ಥರ. ಒಂದು ದೀಪಾವಳಿಯಲ್ಲಿ ಅದನ್ನು ಮುರಿಯೋಕೆ ನಾನು ಅಂಗಡಿಯ ಕಟಿಂಗ್ ಪ್ಲೇಯರ್ ತೆಗೆದಿದ್ದೆ. ಹುಟ್ಟಿದಾಗಿನಿಂದ ಅವಳ ಚಕ್ಕುಲಿಯನ್ನು ಯಾರೂ ಹೊಗಳಿರಲಿಲ್ಲ. ಪಾರ್ಕಿನ ವಾಚರ್ ಹೇಳೋ ಪ್ರಕಾರ ಕೋತಿಗಳು ಒಮ್ಮೆ ಡಬ್ಬಿ ತೆಗೆದು, ಒಂದು ಚಕ್ಕುಲಿ ಕಚ್ಚಿ ನೋಡಿ, ಮುಚ್ಚಳ ಹಾಕಿಟ್ಟು ಹೋದವಂತೆ.

ಅಂಥಾದ್ದರಲ್ಲಿ ಗುರುತು ಪರಿಚಯ ಇಲ್ಲದ ದಾರಿಹೋಕ ಹೊಗಳಿದರೆ? ಅಕ್ಕ ಆ ಸಾಲನ್ನು ಮೂರು ಸಲ ಓದಿದಳಂತೆ. "ನೀವು ಇಟ್ರೆ ಮುರ್ದಾಕ್ತೀರ. ಕೊಡಿ, ನಾನೇ ಇಟ್ಬುಟ್ಟು ಬತ್ತೀನಿ" ಅಂತ ಡಬ್ಬಿ ಎತ್ತಿಕೊಂಡು ಹೊರಟೇಬಿಟ್ಟಳು. ಕೈಯಲ್ಲಿ ಡಬ್ಬಿ ಬಂತಲ್ಲ, ಅದು ಕೆಲಸವಾಯಿತು. ಕೆಲಸ ಆದ ಮೇಲೆ ನಡೆಯೋಕೆ ನಾಚಿಕೆ ಏನು? ಆಮೇಲೆ ಇನ್ನೊಂದು ಡಬ್ಬಿ ಸ್ವಲ್ಪ ಮುಂದಿದೆ ಅಂತ ಗೊತ್ತಾಯಿತು. ಆಮೇಲೆ ಮತ್ತೊಂದು. ಎಲ್ಲದರಲ್ಲೂ ದಾರಿಹೋಕ ತಿಂದು, ಹೊಗಳಿ, ಮುಂದಿನ ಡಬ್ಬಿಯ ಗುರುತು ಬರೆದಿರ್ತಿದ್ದ.

ನಾನೂ ಮೊದಲನೇ ಡಬ್ಬಿಯ ಪುಸ್ತಕ ನೋಡಿದೆ. ನನಗಿಂತ ಕೆಟ್ಟ ಅಕ್ಷರ ಇರುವ ಮನುಷ್ಯನನ್ನು ಅದೇ ಮೊದಲು ಕಂಡಿದ್ದು. ಮನಸ್ಸಿಗೆ ತಂಪಾಯಿತು. ಪಾಪ, ಇವನೂ ನನ್ನ ಹಾಗೇ ಸ್ಕೂಲು ಬಿಟ್ಟವನು ಅಂದ್ಕೊಂಡೆ. ಭಾವನಿಗೆ ಕೇಳಿಸಲಿ ಅಂತ ಜೋರಾಗೇ ಅಂದೆ: "ನೋಡಕ್ಕ, ಕಟ್ಕೊಂಡೋರ ಕೈಲಿ ಆಗದ ಕೆಲ್ಸ ಯಾವನೋ ದಾರೀಲಿ ಹೋಗೋನು ಮಾಡ್ದ."

ಭಾವ ಜಗಲಿ ಮೇಲೆ ಕೂತು ಕೆನ್ನೆ ಒತ್ತಿಕೊಂಡು "ಹೂಂ" ಅಂದರು.

"ಕೆನ್ನೆಗೇನಾಯ್ತು?"

"ಸೀಬೆ ಬೀಜ ಸಿಕ್ಕಾಕಂಡು ದವಡೆ ಹಲ್ಲು ಸೀಳ್ತು ಕಣ್ಲಾ."

ಅಕ್ಕ ಒಳಗಿಂದ ಬಿ.ಪಿ. ಮಾತ್ರೆ, ಒಂದು ಲವಂಗ ತಂದು ಅವರ ಅಂಗೈಗೆ ಹಾಕಿ ಹೋದಳು. ಸೀಬೆ ಕಾಲ ಮುಗಿದು ಎಷ್ಟೋ ದಿನ ಆಗಿತ್ತು ಅನ್ನೋದು ಆಗ ನನ್ನ ತಲೆಗೆ ಹೋಗಲಿಲ್ಲ. ಏಳನೇ ಕ್ಲಾಸು ನೋಡಿ.

ಡಾಕ್ಟರ್ ಹೇಳಿದ ಆರು ತಿಂಗಳಿಗೆ ಇನ್ನೊಂದು ವಾರ ಇತ್ತು. ಆ ಮಂಗಳವಾರ ಹೋದರೆ ಮನೆಗೆ ಬೀಗ. ಅಕ್ಕನಿಗೆ ಫೋನ್ ಮಾಡಿದೆ. ಬೀಗದ ಹಿಂದೆ, ಮನೆಯೊಳಗೇ ರಿಂಗಾಯಿತು. ಪಕ್ಕದ ಮನೆಯಾಕೆ ಹೇಳಿದಳು: "ಅಣ್ಣಯ್ಯ ಹಲ್ಲು ಕೀಳಿಸ್ತೀನಿ ಅಂತ ಹಾಸನಕ್ಕೋದ್ರು. ಅಕ್ಕ ಊಟ ಆಗ್ತಲೂ ಡಬ್ಬಿ ತಗಂಡು ಹೋದೋಳು ಇನ್ನೂ ಬಂದಿಲ್ಲ. ಮೂರು ಗಂಟೆ ಮ್ಯಾಲಾಯ್ತು."

ನೋಡಿದರೆ ಮೋಡ ಕಟ್ಟಿದೆ. ಮೇಲೆ ಮಳೆಯಾಗಿ ಹಿನ್ನೀರು ಹಿಂದಿನ ವಾರಕ್ಕಿಂತ ಏರಿ ಬಂದಿದೆ. ಅಕ್ಕನ ಕಾಲಿಗೆ ಮುಳ್ಳು ಚುಚ್ಚಿದರೂ ಗೊತ್ತಾಗಲ್ಲ. ಭಾವನಿಗೆ ಫೋನ್ ಮಾಡಿ "ಅಕ್ಕ ಇಲ್ಲ" ಅಂತ ಎರಡೇ ಮಾತು ಅಂದು ಪಾರ್ಕಿಗೆ ಓಡಿದೆ. ವಾಚರ್ "ಒಳಕ್ಕೋದ್ರು ಸಾ, ಆಚೆಗೆ ಬರ್ನಿಲ್ಲ" ಅಂದ.

ನನಗೆ ಗೊತ್ತಿದ್ದದ್ದು ಮೊದಲನೇ ಡಬ್ಬಿ ಮಾತ್ರ. ತೆಗೆದೆ. ಪುಸ್ತಕದಲ್ಲಿ ದಾರಿಹೋಕ ಬರೆದಿದ್ದ: ಮುಂದಿನದು ಬಿದಿರು ಮೆಳೆ ದಾಟಿ, ಕಲ್ಲುಬೆಂಚಿನ ಹಿಂದೆ. ಅದರ ಕೆಳಗೆ, ಹಾಳೆಯ ಮೂಲೆಯಲ್ಲಿ, ಹೋದ ಸಲ ನಾನು ಗಮನಿಸದೇ ಇದ್ದ ಸಣ್ಣ ಅಂಕಿ: ೫ ಸ. ೨ ಆ.

ಎರಡನೇ ಡಬ್ಬಿಗೆ ಓಡಿದೆ. ಅಕ್ಕ ಇಲ್ಲ. ಪುಸ್ತಕದ ಮೂಲೆಯಲ್ಲಿ ೮ ಸ. ಮೂರನೆಯದರಲ್ಲಿ ೧೧ ಸ. ೬ ಆ. ಅಲ್ಲಿ ನಿಂತುಬಿಟ್ಟೆ. ಇಡೀ ಪ್ರಪಂಚದಲ್ಲಿ ಇವತ್ತಿನ ದಿನ ಸರಪಳಿ, ಆಣೆ ಲೆಕ್ಕದಲ್ಲಿ ದಾರಿ ಅಳೆಯೋ ದಾರಿಹೋಕರು ಎಷ್ಟು ಜನ ಇದ್ದಾರು? ನನಗೆ ಗೊತ್ತಿರೋ ಹಾಗೆ ಒಬ್ಬರೇ. ಎಡಗೈಯಲ್ಲಿ ಬರೆದು ಅಕ್ಷರ ಮರೆಸಿದ್ದರು. ಅಳತೆ ಮರೆಸೋಕೆ ಮಾತ್ರ ಅವರ ಕೈಲಿ ಆಗಿರಲಿಲ್ಲ.

ಓಡ್ತಾ ಓಡ್ತಾ ಒಂದೊಂದೇ ಅರ್ಥವಾಯಿತು. ಇಡೀ ಪಾರ್ಕಿನಲ್ಲಿ ಬೇರೆಯವರ ಡಬ್ಬಿ ಆ ನೇರಳೆ ಮರದ್ದೊಂದೇ. ಮಿಕ್ಕಿದ್ದೆಲ್ಲ ಭಾವ ಇಟ್ಟದ್ದು, ಅಕ್ಕನ ಕಾಲು ಎಷ್ಟು ತಡೆಯುತ್ತೋ ಅಷ್ಟಕ್ಕೆ ಗೇಟಿನಿಂದ ಅಳೆದು, ಒಂದಕ್ಕಿಂತ ಒಂದು ಸ್ವಲ್ಪವೇ ದೂರ. ಪ್ರತಿ ಡಬ್ಬಿಯ ಪಕ್ಕದಲ್ಲೂ ಕೂರೋಕೆ ಒಂದು ಜಾಗ ಇತ್ತು. ಒಂದು ಕಡೆ ಕಲ್ಲುಬೆಂಚು, ಇನ್ನೊಂದು ಕಡೆ ಬೇರು. ಎಂಟನೆಯದರ ಹತ್ತಿರ ಏನೂ ಇರಲಿಲ್ಲ, ಅಲ್ಲಿ ಒಂದು ಸುಣ್ಣ ಬಳಿದ ಬಾಂದುಕಲ್ಲು ಅಡ್ಡ ಮಲಗಿತ್ತು, ಮೇಲೆ ಮಡಚಿದ ಗೋಣಿಚೀಲ. ಕಿತ್ತು ತಂದ ಕಲ್ಲಿಗೆ ಒಂದು ಕೆಲಸ ಕೊಟ್ಟಿದ್ದರು. ನೋವು ಬರೋವರೆಗೆ ನಡೀರಿ, ಕೂತ್ಕೊಳ್ಳಿ, ಮತ್ತೆ ನಡೀರಿ. ಡಾಕ್ಟರು ಬಾಯಲ್ಲಿ ಹೇಳಿದ್ದನ್ನು ಈ ಮನುಷ್ಯ ನೆಲದ ಮೇಲೆ ಬರೆದಿಟ್ಟಿದ್ದರು. ಮದುವೆ ದಿನ ಕೆರೆ ಏರಿ ಹಿಂದೆ ಹೋಗಿದ್ದು ಡಬ್ಬಿ ಬಚ್ಚಿಡೋ ವಿದ್ಯೆ ಕಲಿಯೋಕೆ. ಎಲೆ ಹಿಡ್ಕೊಂಡು ಎಣಿಸಿದ್ದು ಅವಳ ಕುರ್ಚಿಯಿಂದ ಊಟದ ಹಾಲ್ ಎಷ್ಟು ದೂರ ಅಂತ. ಮತ್ತೆ ಆ ಚಕ್ಕುಲಿ? ಎಲ್ಲ ಡಬ್ಬಿಯ ಎಲ್ಲ ಚಕ್ಕುಲಿಯನ್ನೂ ಒಬ್ಬರೇ ತಿಂದಿದ್ದರು. ಕೋತಿಗಳು ಬಿಟ್ಟುಹೋದದ್ದನ್ನೂ.

ಹನ್ನೆರಡನೇ ಡಬ್ಬಿ ನೀರಿನ ಅಂಚಿನಲ್ಲಿ. ಬಿದ್ದ ಮರದ ಬೊಡ್ಡೆ ಮೇಲೆ ಅಕ್ಕ ಕೂತಿದ್ದಳು. ತೊಡೆ ಮೇಲೆ ಸ್ಟೀಲ್ ಡಬ್ಬಿ, ನೀರಿನ ಕಡೆ ನೋಡ್ತಾ.

"ಏನ್ಲಾ ತಮ್ಮ, ಇತ್ಲಾಗ್ ಬಂದ್ಬುಟ್ಟೆ? ಇಂಗ್ಯಾಕ್ ಏದುಸಿರು ಬುಡ್ತಿದ್ದೀಯ?"

"ಅಕ್ಕ, ಕ... ಕಾಲು?"

"ಯಾವ್ ಕಾಲು?"

ನಾನು ಅಲ್ಲೇ ಒದ್ದೆ ಮಣ್ಣಿನ ಮೇಲೆ ಕೂತುಬಿಟ್ಟೆ. ಆರು ತಿಂಗಳಿನಿಂದ ಎದೆ ಮೇಲೆ ಕೂತಿದ್ದದ್ದು ಎದ್ದುಹೋಯಿತು. ಯಾವ ಕಾಲು ಅಂತೆ!

"ಈ ಡಬ್ಬಿ ಸಿಗ್ನೇ ಇಲ್ಲ ಕಣ್ಲಾ, ಹುಡ್ಕಿ ಹುಡ್ಕಿ ಸಾಕಾಯ್ತು. ಆ ದಾರಿಹೋಕಂಗೆ ಏನಿಟ್ಬುಟ್ಟು ಓಗ್ಲಿ?" ಅಂದಳು. ನೀರು ಏರಿ ಡಬ್ಬಿ ಇಟ್ಟ ಪೊಟರೆ ಮುಳುಗಿತ್ತು. ಮುಳುಗಡೆ ಲೆಕ್ಕವೆಲ್ಲ ತಲೆಯಲ್ಲಿದ್ದ ಭಾವ ಅದೊಂದನ್ನು ಮಾತ್ರ ಲೆಕ್ಕ ಹಾಕಿರಲಿಲ್ಲ.

ಹಿಂದೆ ತರಗೆಲೆ ಸದ್ದಾಯಿತು. ಭಾವ ಬಂದರು. ಬಾಯಲ್ಲಿ ಹತ್ತಿ, ಒಂದು ಕಡೆ ಕೆನ್ನೆ ಊದಿದೆ, ಪಂಚೆ ಮೇಲಕ್ಕೆ ಕಟ್ಟಿದೆ, ಒಂದು ಚಪ್ಪಲಿ ಎಲ್ಲೋ ಬಿದ್ದುಹೋಗಿದೆ. ನಾನು ಫೋನ್ ಮಾಡಿದಾಗ ಆಗತಾನೇ ಬಸ್ ಇಳಿದಿದ್ದರಂತೆ, ಅಲ್ಲಿಂದಲೇ ಓಡಿ ಬಂದಿದ್ದಾರೆ. ಅಕ್ಕನ ಮುಖ ನೋಡಿದರು, ಕಾಲು ನೋಡಿದರು, ಮತ್ತೆ ಮುಖ ನೋಡಿದರು. ಹೆಬ್ಬೆರಳ ಹತ್ತಿರ ಅಂಟಿದ್ದ ಒಂದು ಹುಲ್ಲುಕಡ್ಡಿಯನ್ನು ಬಗ್ಗಿ ತೆಗೆದರು.

ಏನಾದರೂ ಅನ್ನಬೇಕಲ್ಲ ಅಂತ ನಾನು ಕೇಳಿದೆ: "ಬಸ್ ಸ್ಟ್ಯಾಂಡಿಂದ ಎಷ್ಟು ಸರಪಳಿ ಭಾವ?"

ಅವರು ಹುಲ್ಲುಕಡ್ಡಿಯನ್ನು ಆಚೆ ಬಿಸಾಕಿದರು.

"ಎಣಿಸ್ನಿಲ್ಲ ಕಣ್ಲಾ," ಅಂದರು.

ಮುಂದಿನ ವಾರ ಹಾಸನಕ್ಕೆ ಹೋದೆವು. ಡಾಕ್ಟರು ಪಟ್ಟಿ ಸುತ್ತಿ, ಮಿಷನ್ ಹಿಡಿದು, ಎರಡು ಸಲ ನೋಡಿ, "ಆಪರೇಷನ್ ಬೇಡ. ದಿನಾ ಎಷ್ಟು ನಡೀತೀರಮ್ಮಾ?" ಅಂದರು.

"ನಾನೆಲ್ ನಡೀತೀನಿ ಡಾಕ್ಟ್ರೇ? ಡಬ್ಬಿ ಇಟ್ಬುಟ್ಟು ಬತ್ತೀನಿ ಅಷ್ಟೆ."

"ಅರವತ್ನಾಕು ಸರಪಳಿ," ಅಂದರು ಭಾವ ಹಿಂದಿನಿಂದ. "ಓಗ್ತಾ. ಬರ್ತಾನೂ ಅಷ್ಟೇಯ."

ಡಾಕ್ಟರು ಚೀಟಿ ಮೇಲೆ ಅದನ್ನು ಏನಂತ ಬರ್ಕೊಂಡರೋ ಗೊತ್ತಿಲ್ಲ. ನಾನು ಆಸ್ಪತ್ರೆ ಮುಂದಿನ ಹೋಟೆಲಿನಲ್ಲಿ ಮೂರು ಮಸಾಲೆ ದೋಸೆ ಹೇಳಿ, ಭಾವನದನ್ನು ನಾನೇ ಸಣ್ಣಗೆ ಮುರಿದು ಅವರ ಮುಂದೆ ಇಟ್ಟೆ. ಕ್ಷಮಿಸಿ ಅನ್ನೋ ಮಾತು ನಮ್ಮ ಕಡೆ ಗಂಡಸರ ಬಾಯಲ್ಲಿ ಬರಲ್ಲ. ದೋಸೆ ಮುರಿದು ಕೊಡಬಹುದು.

ದಾರಿಹೋಕನ ಗುಟ್ಟನ್ನು ನಾನು ಅಕ್ಕನಿಗೆ ಹೇಳಲಿಲ್ಲ. ಹೇಳಿದರೆ ಮತ್ತೆ ಎಲ್ಲಿ ಕೂತುಬಿಡ್ತಾಳೋ ಅಂತ ಭಯ. ಹೋದ ಮಂಗಳವಾರ ಹೋಗಿದ್ದೆ. ಅಕ್ಕ ಸ್ಟೀಲ್ ಡಬ್ಬಿಗೆ ಚಕ್ಕುಲಿ ತುಂಬ್ತಿದ್ದಳು. ಒಂದು ಮುರಿದು ನನ್ನ ಬಾಯಿಗೆ ಹಾಕಿದಳು. ಬೆಣ್ಣೆ ಹಾಗೆ ಕರಗಿತು. ಇಷ್ಟು ವರ್ಷದಲ್ಲಿ ಮೊದಲ ಸಲ.

"ಇದೇನಕ್ಕ, ಇಷ್ಟು ಮೆತ್ತಗೆ? ಉಪ್ಪೂ ಕಮ್ಮಿ ಆಗೈತೆ."

ಅಕ್ಕ ಜಗಲಿಯ ಕಡೆ ಒಮ್ಮೆ ನೋಡಿ, ಡಬ್ಬಿಯ ಮುಚ್ಚಳ ಒತ್ತಿ ಹಾಕಿದಳು.

"ಬೇಕಂತಲೇ ಕಮ್ಮಿ ಹಾಕಿವ್ನಿ. ಆ ದಾರಿಹೋಕಂಗೆ ಬಿ.ಪಿ. ಐತೆ. ಮೊನ್ನೆ ಹಲ್ಲು ಬ್ಯಾರೆ ಕೀಳಿಸ್ಕಂಡವ್ರೆ, ಪಾಪ."